ಗಾಯದಪ್ಪನಿಗೆ ಬೆಣ್ಣೆ

ಬೆಣ್ಣೆ ಕರಗದಂತೆ ಭದ್ರಾವತಿ ದಾಟಿಸುವುದು ಹೇಗೆ ಎನ್ನುವುದೊಂದೇ ಆ ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಬಾಯಿಬಿಟ್ಟು ಆಡಿದ ಚಿಂತೆ. ಇನ್ನೊಂದು ಚಿಂತೆಯ ಮಾತನ್ನು ಯಾರೂ ಎತ್ತಲಿಲ್ಲ. ಏಪ್ರಿಲ್ ತಿಂಗಳು. ಶಿವಮೊಗ್ಗದ ನವುಲೆಯ ನಮ್ಮ ಅಡುಗೆಮನೆಯಲ್ಲಿ ಏಳು ಗಂಟೆಗೇ ಫ್ಯಾನು ಬೇಕಾಗುತ್ತಿತ್ತು. ವಾರವಿಡೀ ಕೆನೆ ಕೂಡಿಟ್ಟು ಅತ್ತೆ ತಾವೇ ಕಡೆದು ತೆಗೆದ ಬೆಣ್ಣೆ ಅದು. ಸ್ಟೀಲ್ ಡಬ್ಬಿಗೆ ತುಂಬಿ, ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಬಾಳೆಲೆ ಕಟ್ಟಿ ಚೀಲಕ್ಕೆ ಇಳಿಸಿದರು. ಫ್ರಿಜ್ಜಿನಿಂದ ನಾಲ್ಕು ಐಸ್ ತುಂಡು ಹಾಕೋಣವೇ ಎಂದು ಕೇಳಿದೆ.

“ದೇವರ ಬೆಣ್ಣೆಗೆ ಐಸಾ? ಐಸ್‌ಕ್ರೀಮ್ ಮಾಡಿ ತಿನ್ನಿಸ್ತೀಯೇನೇ ಅವನಿಗೆ?” ಎಂದರು ಅತ್ತೆ. ತಮಾಷೆ ಮಾಡಿದರಲ್ಲ ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಮೂರು ವಾರದಿಂದ ಅವರ ಬಾಯಲ್ಲಿ ತಮಾಷೆಯ ಮಾತು ಬಂದಿರಲಿಲ್ಲ.

ಅತ್ತೆಯ ಹೆಸರು ಪಾರ್ವತಮ್ಮ. ಅರವತ್ತೆಂಟು ವರ್ಷ. ಎದೆಯಲ್ಲಿ ಒಂದು ಗಂಟಿದೆ ಎಂದು ಅವರು ಸ್ನಾನದ ಮನೆಯಿಂದ ಹೊರಬಂದು ನನಗೊಬ್ಬಳಿಗೇ ಪಿಸುಗುಟ್ಟಿದ ದಿನದಿಂದ ಮನೆಯ ಗಾಳಿ ಬದಲಾಗಿತ್ತು. ಪರೀಕ್ಷೆಗಳಾದವು. “ಈಗ ತೆಗೆದರೆ ಪೂರ್ತಿ ಗುಣವಾಗುವ ಹಂತದಲ್ಲಿದೆ, ತಡ ಮಾಡಬೇಡಿ” ಎಂದು ಡಾಕ್ಟರಮ್ಮ ಬರುವ ಬುಧವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಅತ್ತೆ ಮಾತ್ರ ಒಪ್ಪಲಿಲ್ಲ. ಮಗ, ಅಂದರೆ ನಮ್ಮ ಯಜಮಾನರು, ಬೇಡಿಕೊಂಡರು, ಗದರಿದರು, ಕೊನೆಗೆ ಊಟ ಬಿಟ್ಟು ಎದ್ದುಹೋದರು. ಅತ್ತೆಯದು ಒಂದೇ ಮಾತು.

“ಗಾಯದಪ್ಪನ ಹತ್ರ ಹೂವು ಕೇಳ್ತೀನಿ. ಬಲಕ್ಕೆ ಬಿದ್ರೆ ನೀವು ಕರೆದ ಕಡೆ ಬರ್ತೀನಿ. ಎಡಕ್ಕೆ ಬಿತ್ತೋ, ಆಮೇಲೆ ನನ್ನನ್ನ ಯಾರೂ ಕೇಳಬಾರದು.”

ಗಾಯದಪ್ಪ ಎಂದರೆ ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಹೋಗುವ ದಾರಿಯಲ್ಲಿ, ಭದ್ರಾ ಹೊಳೆಯ ದಂಡೆಯಲ್ಲಿರುವ ಹಳೆಯ ಶಿವನ ಗುಡಿ. ದೇವಸ್ಥಾನದ ಬೋರ್ಡಿನಲ್ಲಿ ಮಲ್ಲೇಶ್ವರ ಎಂದಿದೆ. ಲಿಂಗದ ನೆತ್ತಿಯ ಮೇಲೆ ಒಂದು ಕಚ್ಚು ಇರುವುದರಿಂದ ಸುತ್ತಲಿನವರಿಗೆ ಅವನು ಗಾಯದಪ್ಪ. ಆ ಗಾಯಕ್ಕೆ ಬೆಣ್ಣೆ ಸಲ್ಲಿಸುವುದು ಅಲ್ಲಿನ ವಾಡಿಕೆ. ಅತ್ತೆ ಹುಟ್ಟಿ ಬೆಳೆದದ್ದು ಹೊಳೆಹೊನ್ನೂರಿನಲ್ಲಿ. ಒದ್ದೆ ಮಾಡಿದ ಹೂವನ್ನು ಲಿಂಗದ ನೆತ್ತಿಗೆ ಅಂಟಿಸಿ, ಅದು ಯಾವ ಕಡೆ ಬೀಳುವುದೋ ಎಂದು ಕಾಯುವುದು ಅವರ ತವರಿನ ರೂಢಿ. ಮದುವೆಯ ಗಂಡು, ಹೊಲದ ಖರೀದಿ, ಮನೆಯ ಪಾಯ, ಎಲ್ಲವನ್ನೂ ಹಾಗೆ ಕೇಳಿಯೇ ನಿರ್ಧರಿಸುತ್ತಿದ್ದರಂತೆ. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ.

ಹೊರಡುವ ಮೊದಲು ಅತ್ತೆ ಎಂದಿನಂತೆ ಪೂಜೆಗೆ ಕುಳಿತರು. ಕೊರಳಿನ ಬೆಳ್ಳಿ ಕರಡಿಗೆ ತೆರೆದು ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟು, ವಿಭೂತಿ ಧರಿಸಿ, ಪತ್ರೆಯೊಂದನ್ನು ಏರಿಸಿ ಅದನ್ನೇ ನೋಡುತ್ತಾ ಕುಳಿತಿದ್ದರು. ಅಂದು ಪೂಜೆ ಮುಗಿದರೂ ಲಿಂಗವನ್ನು ಕರಡಿಗೆಗೆ ಸೇರಿಸದೆ ಎದೆಗೊತ್ತಿ ಹಿಡಿದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಕೊರಳಿನ ಲಿಂಗವನ್ನೂ ತೆಗೆಸುತ್ತಾರೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಲಿಂಗದೀಕ್ಷೆಯಾದ ದಿನದಿಂದ ಮೈಬಿಟ್ಟು ಸರಿಯದ ಲಿಂಗ ಅದು. ನನ್ನದು ಮಾತ್ರ ಬೀರುವಿನ ಪುಟ್ಟ ಪೆಟ್ಟಿಗೆಯಲ್ಲಿ ಮಲಗಿದೆ. ನನ್ನ ಓದೆಲ್ಲ ಸಿಸ್ಟರ್‌ಗಳ ಶಾಲೆಯಲ್ಲಿ ಆಯಿತು. ಶಾಲೆಯಲ್ಲಿ ಕೇಳಿಯಾರು ಎಂದು ಚಿಕ್ಕಂದಿನಲ್ಲಿ ತೆಗೆದಿಟ್ಟದ್ದು ಹಾಗೆಯೇ ಉಳಿಯಿತು. ಅದಕ್ಕೇ ಅತ್ತೆ ಸಲಿಗೆ ಬಂದಾಗಲೆಲ್ಲ ನನ್ನನ್ನು ‘ಕಾನ್ವೆಂಟು’ ಎಂದು ಕರೆಯುತ್ತಾರೆ.

ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ. ಸಿಕ್ಕಿದ್ದರೂ ಹೂವು ಬೀಳುವುದನ್ನು ನಿಂತು ನೋಡುವ ಧೈರ್ಯ ಅವರಿಗೆ ಇರಲಿಲ್ಲ ಎಂದು ನನಗೆ ಗೊತ್ತು. ಗೇಟಿನವರೆಗೆ ಬಂದು, “ಬಿದ್ದ ತಕ್ಷಣ ಫೋನ್ ಮಾಡು” ಎಂದಷ್ಟೇ ಹೇಳಿದರು.

ನವುಲೆಯಿಂದ ಬಸ್‌ಸ್ಟ್ಯಾಂಡಿಗೆ ಆಟೋ ನೂರು ರೂಪಾಯಿ. ಭದ್ರಾವತಿಗೆ ಹೊರಟು ನಿಂತಿದ್ದ ಖಾಸಗಿ ಬಸ್ಸಿನ ಕ್ಲೀನರ್ “ಬನ್ನಿ ಅಜ್ಜಿ, ಸೀಟಿದೆ” ಎಂದು ಕೂಗಿದ. ಅತ್ತೆ ತಿರುಗಿಯೂ ನೋಡದೆ ಸರ್ಕಾರಿ ಬಸ್ಸಿನ ಕಡೆ ನಡೆದರು. ಹೆಂಗಸರಿಗೆ ಅಲ್ಲಿ ಆಧಾರ್ ತೋರಿಸಿದರೆ ದುಡ್ಡಿಲ್ಲ.

“ನನ್ನ ಆಧಾರ್ ಕಾರ್ಡ್ ತಗೊಂಡ್ಯಾ?”

“ತಗೊಂಡಿದೀನಿ ಅತ್ತೆ.”

“ನಿಂದು?”

ನನ್ನದು ಮರೆತಿದ್ದೆ. ಡಬ್ಬಿ, ಹಣ್ಣುಕಾಯಿ, ಅತ್ತೆಯ ಸಕ್ಕರೆ ಮಾತ್ರೆ, ನೀರಿನ ಬಾಟಲಿ, ಎಲ್ಲ ನೆನಪಿಟ್ಟವಳಿಗೆ ನನ್ನ ಕಾರ್ಡೇ ನೆನಪಿರಲಿಲ್ಲ. ಮೊದಲ ಹೆಜ್ಜೆಯಲ್ಲೇ ತಪ್ಪಿತಲ್ಲ, ಇದು ಶಕುನವೋ ಏನೋ ಎಂದುಕೊಂಡೆ. ಕಂಡಕ್ಟರ್ ಮೊಬೈಲಿನಲ್ಲಿದ್ದ ಫೋಟೋ ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. ಅತ್ತೆ ಅದನ್ನು ಮಡಿಸಿ ಸೊಂಟದ ಚೀಲಕ್ಕೆ ಸೇರಿಸಿದರು.

ಶಿವಮೊಗ್ಗದಿಂದ ಭದ್ರಾವತಿ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ತುಂಗಾ ಸೇತುವೆ ದಾಟುವಾಗ ಹೊಳೆಯಲ್ಲಿ ಬಂಡೆಗಳೇ ಹೆಚ್ಚಾಗಿ, ನೀರು ಕಡಿಮೆಯಾಗಿ ಕಾಣುತ್ತಿತ್ತು. ಅತ್ತೆ ಡಬ್ಬಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಿಸಿಲು ಬೀಳುವ ಕಡೆಗೆ ಸೆರಗು ಅಡ್ಡ ಹಿಡಿದಿದ್ದರು. ವಿದ್ಯಾನಗರ ದಾಟಿದ ಮೇಲೆ ತಾವಾಗಿಯೇ ಮಾತು ತೆಗೆದರು.

“ನಮ್ಮಜ್ಜಿ ಹೇಳ್ತಿದ್ಲು. ಆ ಸೀಮೆಗೆ ಒಬ್ಬ ಗೌಡ ಇದ್ನಂತೆ, ಮಹಾ ಸೊಕ್ಕಿನೋನು. ಇದು ದೇವರೋ ಕಲ್ಲೋ ನೋಡೇ ಬಿಡ್ತೀನಿ ಅಂತ ಹಾರೆ ತಗೊಂಡು ನೆತ್ತಿ ಮೇಲೆ ಹೊಡೆದ್ನಂತೆ. ಬುಳಬುಳ ಅಂತ ರಕ್ತ ಬಂತಂತೆ. ಗೌಡ ಅಲ್ಲೇ ಕಣ್ಣು ಕಳ್ಕೊಂಡ. ಆ ಗಾಯ ಮಾತ್ರ ಇವತ್ತಿಗೂ ಕೂಡಿಲ್ಲ. ಕೂಡೋದೂ ಇಲ್ಲ.”

ಡಬ್ಬಿಯ ಚೀಲವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

“ದೇವರದ್ದೇ ಕೂಡಿಲ್ಲ. ನಾನು ಸಕ್ಕರೆ ಕಾಯಿಲೆಯವಳು. ನಂದು ಕೂಡತ್ತೇನೇ?”

ಅವರ ಹಟದ ಬೇರು ಎಲ್ಲಿದೆ ಎಂದು ನನಗೆ ತಿಳಿದದ್ದು ಆಗ. ನಾವೆಲ್ಲ ಅವರಿಗೆ ಕಾಯಿಲೆಯ ಭಯ ಎಂದುಕೊಂಡಿದ್ದೆವು. ಅವರಿಗೆ ಭಯ ಇದ್ದದ್ದು ಕತ್ತಿಯದು. ಕೊಯ್ದ ಮೇಲೆ ಕೂಡದೆ ಉಳಿಯುವ ಗಾಯದ್ದು. “ಡಾಕ್ಟರಮ್ಮ ಹೇಳಿದ್ರಲ್ಲ ಅತ್ತೆ, ನಿಮ್ಮ ಸಕ್ಕರೆ ಈಗ ಹಿಡಿತದಲ್ಲಿದೆ ಅಂತ” ಎಂದೆ. ಅವರು ಡಬ್ಬಿಯ ಮೇಲಿನ ಬಟ್ಟೆ ಮುಟ್ಟಿ ನೋಡಿ, “ಬೆಚ್ಚಗಾಗ್ತಾ ಇದೆ” ಎಂದರು.

ಭದ್ರಾವತಿಯಲ್ಲಿ ಇಳಿದು ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅತ್ತೆ ಅರ್ಧ ಇಡ್ಲಿಯನ್ನು ಸಾಂಬಾರಿನಲ್ಲಿ ಕಲಸಿ ಕಲಸಿ ಬಿಟ್ಟರು. ಹೋಟೆಲಿನವನಿಂದ ತಣ್ಣೀರು ಇಸಿದುಕೊಂಡು ಡಬ್ಬಿಯ ಬಟ್ಟೆಯನ್ನು ಮತ್ತೊಮ್ಮೆ ಒದ್ದೆ ಮಾಡಿದೆ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ತಮಿಳಿನಲ್ಲಿ, ಅವರಿಗೆ ಎದುರಾಗಿ ಕುಳಿತವರು ತೆಲುಗಿನಲ್ಲಿ ಮಾತಾಡುತ್ತಿದ್ದರು. ಬಿಲ್ಲು ಕೊಡುವಾಗ ಎಲ್ಲರೂ ಕನ್ನಡಕ್ಕೆ ಬಂದರು. ಬೇರೆ ದಿನವಾಗಿದ್ದರೆ ಇದು ನನಗೆ ಖುಷಿಯ ನೋಟ. ಅಂದು ಗಡಿಯಾರವನ್ನೇ ನೋಡುತ್ತಿದ್ದೆ.

ಗುಡಿಯವರೆಗೆ ಬಸ್ಸು ಹೋಗುವುದಿಲ್ಲ. ಹೋಗಿಬರಲು, ನಡುವೆ ಕಾಯುವುದೂ ಸೇರಿ ಐನೂರು ರೂಪಾಯಿಗೆ ಒಂದು ಆಟೋ ಗೊತ್ತು ಮಾಡಿದೆವು. ಡ್ರೈವರ್ ಸೆಲ್ವ, ನಲವತ್ತರ ಆಸುಪಾಸಿನವನು. ಅವನ ಅಜ್ಜ ಇಲ್ಲಿನ ಕಬ್ಬಿಣದ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಸೇಲಂ ಕಡೆಯಿಂದ ಬಂದವನಂತೆ. ಎಲ್ಲಿಗೆ ಎಂದು ಹೇಳುತ್ತಲೇ ಅವನು ಕೈ ಜೋಡಿಸಿ ಕಣ್ಣಿಗೊತ್ತಿಕೊಂಡ.

“ನಮ್ಮ ದೇವ್ರು ಅಕ್ಕ ಅದು, ಕೂಲಿಯೋರ ದೇವ್ರು. ಆವಾಗ ಫರ್ನೇಸಿಗೆ ಕಾಡಿಂದ ಸೌದೆ ಕಡಿದು ಇದ್ದಿಲು ಸುಡ್ತಿದ್ರಲ್ಲ? ಒಬ್ಬ ಕೂಲಿ ಕೊಡ್ಲಿ ಬೀಸ್ತಾನೆ, ಕೈ ಜಾರತ್ತೆ, ಕೊಡ್ಲಿ ಅವನ ಕಾಲಿಗೇ ಬರ್ತಾ ಇದೆ. ದೇವ್ರು ನೆಲದಿಂದ ಎದ್ದು ತನ್ನ ತಲೆ ಅಡ್ಡ ಕೊಟ್ಟ!”

“ಗೌಡ ಹಾರೇಲಿ ಹೊಡೆದಿದ್ದಲ್ವೇನಪ್ಪಾ?” ಅತ್ತೆ ಮುಂದಕ್ಕೆ ಬಾಗಿ ಕೇಳಿದರು.

“ಯಾವ ಗೌಡ ಅಜ್ಜಿ? ಕೊಡ್ಲಿ! ನಮ್ಮ ತಾತನ ಕೈ ಸುಟ್ಟಾಗ ನಮ್ಮ ಪಾಟಿ, ಅದೇ ನಮ್ಮಜ್ಜಿ, ಅಲ್ಲಿಗೇ ಬೆಣ್ಣೆ ತಂದಿದ್ಲು.”

“ವಾಸಿ ಆಯ್ತಾ?”

“ಎರಡು ಬೆರಳು ಮಡಚ್ತಾ ಇರ್ಲಿಲ್ಲ. ಆದ್ರೆ ರಿಟೈರ್ ಆಗೋವರೆಗೂ ಕೆಲ್ಸ ಮಾಡಿದ್ರು. ನನ್ನ ಕಿವಿ ಹಿಂಡೋಕೆ ಮಿಕ್ಕಿದ ಬೆರಳೇ ಸಾಕಿತ್ತು.”

ಅತ್ತೆ ನಗಲಿಲ್ಲ. ಎರಡು ಬೆರಳು ಮಡಚುತ್ತಿರಲಿಲ್ಲ ಎಂಬ ಮಾತಷ್ಟೇ ಅವರೊಳಗೆ ಇಳಿದಿರಬೇಕು. ಈ ಸೆಲ್ವ ಸುಮ್ಮನೆ ಗಾಡಿ ಓಡಿಸಬಾರದೇ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ರಸ್ತೆಯ ಒಂದು ಬದಿಗೆ ನಾಲೆ ತುಂಬಿ ಹರಿಯುತ್ತಿತ್ತು. ಎರಡೂ ಕಡೆ ಬೇಸಿಗೆಯ ಭತ್ತದ ಗದ್ದೆಗಳು ಹಸಿರಾಗಿದ್ದವು. ಅಷ್ಟು ಹಸಿರಿನ ನಡುವೆಯೂ ಆಟೋದೊಳಗೆ ಬಡಿಯುತ್ತಿದ್ದ ಗಾಳಿ ಮಾತ್ರ ಒಲೆಯ ಬಾಯಿಂದ ಬಂದಂತಿತ್ತು.

ಗುಡಿ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಮುಂದೆ ಸಿಮೆಂಟ್ ಶೀಟಿನ ಚಪ್ಪರ, ಹಿಂದೆ ಕಪ್ಪು ಕಲ್ಲಿನ ಹಳೆಯ ಗುಡಿ. ಒಳಗಿನ ನಾಲ್ಕು ಕಂಬಗಳು ಬಳೆ ತೊಡಿಸಿದ ಕೈಗಳಂತೆ ಉರುಟಾಗಿ ನಿಂತಿವೆ. ಅವುಗಳ ಮೇಲೆ ಯಾವ ಕಾಲದಲ್ಲೋ ಬಳಿದ ಸುಣ್ಣ ಇನ್ನೂ ಗೀರುಗಳಲ್ಲಿ ಉಳಿದಿದೆ. ನಂದಿಯ ಒಂದು ಕಿವಿ ಮುರಿದಿದೆ. ಇನ್ನೊಂದು ಕಿವಿ, ಬೇಡಿಕೆ ಉಸುರುವವರ ಬಾಯಿ ತಾಗಿ ತಾಗಿ ಎಣ್ಣೆಗಪ್ಪಾಗಿದೆ. ಚಪ್ಪರದ ಕೆಳಗೆ ರತ್ನಮ್ಮ ಎಂಬಾಕೆ ಹೂವಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಬಿಳಿ ಕಣಗಿಲೆ ಮತ್ತು ಪತ್ರೆ ಕೊಂಡೆವು. ಅತ್ತೆ ಅವಳನ್ನೂ ಕೇಳದೆ ಬಿಡಲಿಲ್ಲ.

“ಗಾಯ ಆಗಿದ್ದು ಹಾರೆಯಿಂದ್ಲೋ, ಕೊಡ್ಲಿಯಿಂದ್ಲೋ?”

“ಎರಡೂ ಅಲ್ಲ ಕಣ್ರೀ, ಸೌಟಿಂದ!” ರತ್ನಮ್ಮ ಹೂವು ಕಟ್ಟುತ್ತಲೇ ಹೇಳಿದಳು. “ಈಯಪ್ಪ ಮನೇಲಿದ್ದ ಅಕ್ಕೀನೆಲ್ಲ ಭಿಕ್ಷುಕರಿಗೆ ಹಂಚಿ ಬಂದ. ಅಮ್ಮೋರು ಒಲೆ ಹಚ್ಚಿ ಎಸರಿಟ್ಟು ಕೂತವ್ರೆ, ಹಾಕಕ್ಕೆ ಅಕ್ಕಿ ಇಲ್ಲ. ಸಿಟ್ಟು ಬರಲ್ವಾ? ಕೈಯಲ್ಲಿದ್ದ ಸೌಟು ಬೀಸಿದ್ರು. ಹೊಡೆದೋರೂ ಅವರೇ, ಆಮೇಲೆ ಅತ್ಕೊಂಡು ಬೆಣ್ಣೆ ಹಚ್ಚಿದೋರೂ ಅವರೇ. ಅದಕ್ಕೇ ಇಲ್ಲಿ ಗಂಡಸರು ಬೆಣ್ಣೆ ಹಾಕಂಗಿಲ್ಲ. ಹೆಂಗಸರೇ ಕೈಯಾರೆ ಗಾಯಕ್ಕೆ ತುಂಬಬೇಕು. ನಿಮ್ಮ ಹೆಸರೇನ್ರೀ ಅಮ್ಮಾ?”

“ಪಾರ್ವತಮ್ಮ.”

“ಅಯ್ಯೋ ಮಾರಾಯ್ತಿ! ಹಂಗಾದ್ರೆ ನೀವೇ ಹೊಡೆದಿದ್ದು!”

ಈ ಸಲ ಅತ್ತೆಯ ತುಟಿ ಅಂಚಿನಲ್ಲಿ ಏನೋ ಮಿಸುಕಿತು. “ನಮ್ಮನೆಯೋರಿಗೆ ಹೊಡೀಬೇಕು ಅಂತ ಎಷ್ಟೋ ಸಲ ಅನ್ನಿಸಿತ್ತು. ಸೌಟು ಸಿಕ್ಕಿರ್ಲಿಲ್ಲ” ಎಂದರು. ತೀರಿಹೋದ ಮಾವನ ಬಗ್ಗೆ ಅವರು ಅಂಥ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅತ್ತೆ ಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ನಾನು ಒಳಗೆ ನುಗ್ಗಿದೆ. ಪೂಜೆಯ ಅಯ್ನೋರು ಐವತ್ತು ದಾಟಿದವರು, ಸೊಂಟದ ಪಂಚೆಗೆ ಮೊಬೈಲ್ ಸಿಕ್ಕಿಸಿಕೊಂಡು ದೀಪದ ಬತ್ತಿ ಸರಿಮಾಡುತ್ತಿದ್ದರು. ಅತ್ತೆಯ ಕಾಯಿಲೆ, ಬುಧವಾರದ ಆಪರೇಷನ್ನು, ಅವರ ಹಟ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ.

“ಹೂವನ್ನ ಸ್ವಲ್ಪ ಬಲಗಡೆಗೆ ವಾಲಿಸಿ ಇಡಕ್ಕಾಗಲ್ವಾ ಅಯ್ನೋರೇ?”

ಅವರು ಸಿಟ್ಟಾಗಲಿಲ್ಲ. “ಸೈಟಿನ ವ್ಯಾಜ್ಯದೋರು ಒಬ್ರು ಬಂದಿದ್ರು ತಾಯಿ. ಅವರೂ ಹಿಂಗೇ ಅಂದ್ರು. ಪಾಪ ಅಂತ ವಾಲಿಸೇ ಇಟ್ಟೆ. ಹೂವು ಒಂದು ಸುತ್ತು ಹೊಡೆದು ಎಡಕ್ಕೇ ಬಿತ್ತು. ಇಡೋದಷ್ಟೇ ನನ್ನ ಕೆಲ್ಸ” ಎಂದರು. ನನ್ನ ಮುಖ ನೋಡಿ, “ಹೆದರ್ಕೋಬೇಡಿ” ಎಂದು ಸೇರಿಸಿದರು. ಹೆದರಬೇಡಿ ಎಂದು ಹೇಳಿಸಿಕೊಂಡು ಹೆದರಿಕೆ ಬಿಟ್ಟವರನ್ನು ನಾನು ಕಂಡಿಲ್ಲ.

ಮೊದಲು ಹೂವು ಕೇಳುವುದು, ಆಮೇಲೆ ಬೆಣ್ಣೆ ತುಂಬುವುದು ಅಲ್ಲಿನ ಕ್ರಮ. ಆದರೆ ಚೀಲ ಬಿಚ್ಚಿದಾಗ ಡಬ್ಬಿಯ ಅಂಚಿನಿಂದ ಬೆಣ್ಣೆ ಜಿನುಗಿ ಬಾಳೆಲೆಯೆಲ್ಲ ಜಿಡ್ಡಾಗಿತ್ತು. ಅತ್ತೆಯ ಒಳಗಿನ ಗೃಹಿಣಿ ಎಚ್ಚೆತ್ತುಬಿಟ್ಟಳು.

“ಇನ್ನು ಸ್ವಲ್ಪ ಹೊತ್ತಾದ್ರೆ ತುಪ್ಪ ಕಾಸಬೇಕಾಗತ್ತೆ. ಮೊದ್ಲು ಬೆಣ್ಣೆ ಹಾಕಿಬಿಡ್ತೀನಿ ಅಯ್ನೋರೇ.”

“ಆಮೇಲೆ ಹೂವು ಅಂಟ್ಕೊಳ್ಳತ್ತೆ ಅಮ್ಮಾ.”

“ಬೀಳಿಸೋ ಮನಸ್ಸಿದ್ರೆ ಬೆಣ್ಣೆ ಅಡ್ಡ ಬರತ್ತಾ ಅವನಿಗೆ?”

ಅಯ್ನೋರು ದಾರಿ ಬಿಟ್ಟು ಸರಿದರು. ನಾವಿಬ್ಬರೂ ಬಾಗಿ ಗರ್ಭಗುಡಿಯೊಳಗೆ ಹೋದೆವು. ಒಳಗೆ ಕಲ್ಲಿನ ತಂಪು, ಬಾವಲಿಯ ವಾಸನೆ, ಒಂದು ಟ್ಯೂಬ್‌ಲೈಟು. ಲಿಂಗ ನನ್ನ ಮೊಣಕಾಲಿನ ಎತ್ತರ. ಅದರ ನೆತ್ತಿಯಲ್ಲಿ, ತುಸು ಎಡಕ್ಕೆ, ಕಿರುಬೆರಳುದ್ದದ ಒಂದು ಸೀಳು. ದಾರಿಯುದ್ದಕ್ಕೂ ಆ ಗಾಯವನ್ನು ನೆನೆದು ಹೆದರಿದ್ದವಳಿಗೆ ಅದನ್ನು ಕಂಡಾಗ ಅಚ್ಚರಿಯಾಯಿತು. ಹೆದರಿಕೆಯೇ ಆಗಲಿಲ್ಲ. ನಮ್ಮ ಶಾಲೆಯ ಚಾಪೆಲ್ಲಿನಲ್ಲಿ ಕೈಕಾಲಿಗೆ ಗಾಯವಾದ ದೇವರನ್ನು ದಿನಾ ನೋಡುತ್ತಾ ಬೆಳೆದವಳು ನಾನು. ಗಾಯವಿರುವ ದೇವರು ನನಗೆ ಹೊಸಬನಲ್ಲ.

ಅತ್ತೆಗೆ ಅದು ಮೊದಲ ಸಲ. ಚಿಕ್ಕವರಿದ್ದಾಗ ಮದುವೆಯಾಗದ ಹುಡುಗಿಯರನ್ನು ಒಳಗೆ ಬಿಡುತ್ತಿರಲಿಲ್ಲವಂತೆ. ಮದುವೆಯಾದ ಮೇಲೆ ಅವರು ಈ ಕಡೆ ಬರಲೇ ಇಲ್ಲ. ಬೆರಳ ತುದಿಗೆ ಬೆಣ್ಣೆ ತೆಗೆದುಕೊಂಡರು. ಕೈ ಲಿಂಗದ ಹತ್ತಿರ ಹೋಗಿ ನಿಂತಿತು. ಮತ್ತೆ ಹಿಂದಕ್ಕೆ ಬಂತು.

“ಹಾಕಿ ಅಮ್ಮಾ” ಎಂದರು ಅಯ್ನೋರು. ಅತ್ತೆಗೆ ಧೈರ್ಯ ಬರಲೆಂದೋ ಏನೋ ಹೊಸದೊಂದು ಕಥೆ ತೆಗೆದರು. “ಮೊದಲು ಹಾಕಿದವಳು ಒಬ್ಬ ಬಡವಿ. ಹೊಳೆ ದಂಡೇಲಿ ಗೆಡ್ಡೆ ಅಗೀತಾ ಇದ್ಲು, ಗುದ್ದಲಿ ತಾಗಿ ರಕ್ತ ಬಂತು. ಬೇರೆ ಯಾರಾದ್ರೂ ಆಗಿದ್ರೆ ಓಡಿಹೋಗೋರು. ಅವಳು ಸಂತೆಗೆ ಅಂತ ತಂದಿದ್ದ ಬೆಣ್ಣೆ ಪೂರ್ತಿ ಗಾಯಕ್ಕೆ ತುಂಬಿ, ಸೆರಗು ಹರಿದು ಕಟ್ಟಿದ್ಲು.”

“ಹಾರೆ, ಕೊಡ್ಲಿ, ಸೌಟು, ಈಗ ಗುದ್ದಲಿ” ಎಂದೆ ನಾನು. “ಯಾವುದು ನಿಜ ಅಯ್ನೋರೇ?”

“ನಮ್ಮಪ್ಪ ಹಾರೆ ಅಂತಿದ್ರು, ನಮ್ಮಮ್ಮ ಗುದ್ದಲಿ ಅಂತಿದ್ರು. ಅದಕ್ಕೇ ಮನೇಲಿ ಎರಡು ದಿನ ಮಾತು ಬಿಟ್ಟಿದ್ದೂ ಉಂಟು. ಪುರಾತತ್ವದೋರು ಒಬ್ರು ಬಂದು ನೋಡಿ, ಕಲ್ಲು ಕಡೆಯುವಾಗಲೇ ಬಿಟ್ಟ ಬಿರುಕು ಅಂದ್ರು. ಅವರ ಹೆಂಡತಿ ಹೊರಗೆ ನಿಂತು ಬೆಣ್ಣೆ ಎಲ್ಲಿ ಸಿಗತ್ತೆ ಅಂತ ರತ್ನಮ್ಮನ್ನ ಕೇಳ್ತಿದ್ರು.”

ಆ ಮಾತಿನ ನಡುವೆ ಅತ್ತೆಯ ಬೆರಳು ಸೀಳಿನೊಳಗೆ ಇಳಿದಿತ್ತು. ಬೆಣ್ಣೆ ತುಂಬಲು ಹೋದ ಬೆರಳು ತುಂಬುವುದನ್ನು ಮರೆತು ಅಂಚಿನುದ್ದಕ್ಕೂ ಮೆಲ್ಲಗೆ ಓಡಾಡಿತು. ಒಮ್ಮೆ ಹೋಯಿತು, ಬಂತು, ಮತ್ತೆ ಹೋಯಿತು. ಮಗು ಮಲಗಿದಾಗ ಜ್ವರ ಇದೆಯೇ ಎಂದು ಹಣೆ ಮುಟ್ಟುವಂಥ ಮುಟ್ಟುವಿಕೆ ಅದು.

“ಶೈಲಾ, ಇಲ್ಲಿ ಮುಟ್ಟಿ ನೋಡು” ಎಂದರು.

ಮುಟ್ಟಿದೆ. ಹರಿತವಾಗಿರುತ್ತದೆ ಎಂದುಕೊಂಡಿದ್ದ ಅಂಚು ನಮ್ಮ ಮನೆಯ ಒರಳಿನ ಬಾಯಿಯಂತೆ ನುಣುಪಾಗಿತ್ತು. ಎಷ್ಟು ತಲೆಮಾರಿನ ಹೆಂಗಸರ ಬೆರಳು ಅಲ್ಲಿ ಓಡಾಡಿತ್ತೋ.

“ನೋವಿರೋ ಗಾಯ ಹಿಂಗಿರಲ್ಲ ಕಣೇ” ಎಂದರು ಅತ್ತೆ. “ನಮ್ಮಜ್ಜಿ ಕೂಡಿಲ್ಲ ಕೂಡಿಲ್ಲ ಅಂತಾನೇ ಹೇಳ್ತಿದ್ಲು. ಮುಟ್ಟಿ ನೋಡಿದ್ಲೋ ಇಲ್ವೋ” ಎಂದರು. ಆಮೇಲೆ ಡಬ್ಬಿಯಲ್ಲಿದ್ದ ಬೆಣ್ಣೆಯನ್ನೆಲ್ಲ ತೆಗೆದು ತುಂಬಿದರು. ಸೀಳು ತುಂಬಿ, ಹೊರಗೆ ಚೆಲ್ಲಿ, ಎಡಗಡೆಗೆ ಒಂದು ಸಣ್ಣ ಗುಡ್ಡೆಯೇ ಆಯಿತು. ಅಯ್ನೋರು ಸಾಕು ಎಂದರೂ ಕೇಳಲಿಲ್ಲ.

ಅಯ್ನೋರು ಕಣಗಿಲೆಯನ್ನು ನೀರಿನಲ್ಲಿ ಅದ್ದಿ ನೆತ್ತಿಯ ಮೇಲೆ ಇಟ್ಟರು. ನಾವು ಹೊರಗೆ ಬಂದು ಬಾಗಿಲ ಎದುರು ಕುಳಿತೆವು.

ಹೂವು ಬೀಳಲಿಲ್ಲ. ಮಂಗಳಾರತಿಯಾಯಿತು, ಗಂಟೆ ನಿಂತಿತು. ಒಂದು ಹಲ್ಲಿ ಲೊಚಗುಟ್ಟಿತು. ಯಾವ ದಿಕ್ಕಿನಿಂದ ಎಂದು ಅತ್ತೆ ತಿರುಗಿ ನೋಡಿದರು, ನಾನೂ ನೋಡಿದೆ. ತುಟಿಯಲ್ಲಿ ಓಂ ನಮಃ ಶಿವಾಯ ನಡೆದಿತ್ತು. ಒಳಗೆ ಮಾತ್ರ ಸಿಸ್ಟರ್ ಕಲಿಸಿದ ಬೆಳಗಿನ ಪ್ರಾರ್ಥನೆ ತಾನಾಗಿ ಓಡುತ್ತಿತ್ತು. ಎರಡನ್ನೂ ನಿಲ್ಲಿಸಲಿಲ್ಲ. ಯಾರು ಕೇಳಿಸಿಕೊಂಡರೂ ಸರಿ ಎನಿಸಿತ್ತು. ಯಜಮಾನರ ಫೋನ್ ಬಂತು. “ಬಿತ್ತಾ?” “ಇಲ್ಲ.” “ಇನ್ನೂ ಇಲ್ವಾ?” ಮತ್ತೆ ಅರ್ಧ ಗಂಟೆಗೆ ಅದೇ ಪ್ರಶ್ನೆ, ಅದೇ ಉತ್ತರ. ಸೆಲ್ವ ಬಂದು ಇಣುಕಿ, ವಿಷಯ ತಿಳಿದು, ತಾನೂ ಚಪ್ಪಲಿ ಬಿಟ್ಟು ಕಂಬಕ್ಕೊರಗಿ ಕುಳಿತ. ಹೂವು ಬೆಣ್ಣೆಯ ಮೇಲೆ ಹಾಸಿಗೆ ಸಿಕ್ಕವರಂತೆ ಮಲಗಿತ್ತು.

ಮಧ್ಯಾಹ್ನ ಬಾಗಿಲು ಹಾಕುವ ಹೊತ್ತಾಯಿತು. ಅಯ್ನೋರು ಸಂಕೋಚದಿಂದ ನಿಂತಿದ್ದರು. ಅತ್ತೆ ಈಗ ಏನು ಹೇಳುತ್ತಾರೋ. ಸಂಜೆಯವರೆಗೆ ಕಾಯುತ್ತೇನೆ ಎಂದಾರು, ಇಲ್ಲವೇ ಅಪ್ಪಣೆ ಇಲ್ಲ ಎಂದಾರು. ಅತ್ತೆ ಮೊಣಕಾಲಿಗೆ ಕೈಯೂರಿ ಎದ್ದರು.

“ಬರ್ತೀವಿ ಅಯ್ನೋರೇ. ಬಿದ್ದಾಗ ಇವಳ ನಂಬರಿಗೆ ಒಂದು ಫೋನ್ ಹಾಕಿ.”

ಹೊರಡುವಾಗ ನಾನು ಇದನ್ನೆಲ್ಲ ಬರೆಯಬಹುದೇ ಎಂದು ಅಯ್ನೋರನ್ನು ಕೇಳಿದೆ. “ಬರೀರಿ, ಊರಿನ ಹೆಸರು ಮಾತ್ರ ಬೇಡ. ಆಮೇಲೆ ಬೆಣ್ಣೆ ಬದಲು ಪ್ಲಾಸ್ಟಿಕ್ ಪೊಟ್ಟಣ ತುಂಬತ್ತೆ” ಎಂದರು. ಅದಕ್ಕೇ ಬಿಟ್ಟಿದ್ದೇನೆ.

ಸೆಲ್ವ ನಮ್ಮನ್ನು ಭದ್ರಾವತಿಯಲ್ಲಿ ಇಳಿಸಿದ. ಬಸ್‌ಸ್ಟ್ಯಾಂಡಿನ ಎದುರು ಗಾಡಿಯವನೊಬ್ಬ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ. ಅತ್ತೆ ನಿಂತರು. “ಮಂಡಕ್ಕಿ ಕಟ್ಟಿಸು. ಎರಡು ಮೆಣಸಿನಕಾಯಿ ಇರ್ಲಿ” ಎಂದರು. ನನಗೆ ಕೇಳಿದ್ದು ಸರಿಯೇ ಎಂದು ಅನುಮಾನ. ಬಸ್ಸಿನಲ್ಲಿ ಕುಳಿತು ಪೊಟ್ಟಣ ಬಿಚ್ಚಿ ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಂಡರು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಮೂರು ವಾರದಲ್ಲಿ ಅವರು ಹಾಗೆ ತಿಂದದ್ದನ್ನು ನಾನು ಕಂಡಿರಲಿಲ್ಲ. ಖುಷಿಪಡಲೋ ಬೇಡವೋ ತಿಳಿಯದೆ ನೀರಿನ ಬಾಟಲಿ ಹಿಡಿದು ಕುಳಿತೆ. ಮಾಚೇನಹಳ್ಳಿ ದಾಟಿದ ಮೇಲೆ ಕಿರುಬೆರಳನ್ನು ಮುಂದೆ ಚಾಚಿ ಅದನ್ನೇ ನೋಡುತ್ತಾ ಕೇಳಿದರು.

“ಡಾಕ್ಟರಮ್ಮ ಎಷ್ಟುದ್ದ ಕೊಯ್ತಾರಂತೆ?”

“ಹೆಚ್ಚೇನಿಲ್ಲ ಅಂದ್ರು ಅತ್ತೆ. ಬೆರಳುದ್ದ ಇರಬಹುದು.”

“ಹೂಂ. ಅವನದ್ದೂ ಅಷ್ಟೇ.”

ಬಸ್ಸು ಶಿವಮೊಗ್ಗ ಸೇರಿ, ಹೊಳೆಯ ಸೇತುವೆಯ ಮೇಲೆ ಗಾಡಿಗಳ ಸಾಲಿನಲ್ಲಿ ಸಿಕ್ಕಿ ನಿಂತಿತು. ಆಗ ನನ್ನ ಫೋನು ಹೊಡೆದುಕೊಂಡಿತು. ಯಜಮಾನರದಲ್ಲ, ಹೊಸ ನಂಬರು. ಸುತ್ತಲೂ ಹಾರನ್ನು. ಕಿವಿಗೆ ಒತ್ತಿ ಹಿಡಿದೆ.

“ತಾಯೀ, ಅಯ್ನೋರು ಮಾತಾಡೋದು. ಸೆಕೆಗೆ ಬೆಣ್ಣೆ ಇಳೀತು ನೋಡಿ. ಅದರ ಜೊತೆ ಹೂವೂ ಬಂತು. ಎಡಕ್ಕೆ.” ಆಮೇಲೆ ಏನೋ ಸಮಾಧಾನದ ಮಾತು ಹೇಳಿದರು, ನನಗೆ ಕೇಳಿಸಲಿಲ್ಲ.

ಫೋನ್ ಇಳಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು. ಮಗನ ಫೋನು ಎನ್ನಬಹುದಿತ್ತು. ಬಲಕ್ಕೆ ಎನ್ನಬಹುದಿತ್ತು. ಸುಳ್ಳು ಬಾಯಿಯವರೆಗೂ ಬಂತು. ಆದರೆ ಬುಧವಾರ ಸ್ಟ್ರೆಚರಿನ ಮೇಲೆ ಮಲಗುವವರು ಅವರು. ನನ್ನ ಸುಳ್ಳನ್ನು ನಂಬಿಕೊಂಡು ಮಲಗಬೇಕೇ?

“ಯಾರು? ಅಯ್ನೋರಾ?”

“ಹೂಂ.”

“ಎಡಕ್ಕಾ?”

ನನ್ನ ಕಣ್ಣು ತುಂಬಿದ್ದೇ ಉತ್ತರವಾಯಿತು.

ಅತ್ತೆ ಖಾಲಿ ಡಬ್ಬಿಯ ಮುಚ್ಚಳವನ್ನು ಒತ್ತಿ ಸರಿಮಾಡಿದರು. “ಎಡಗಡೆ ಜಾಸ್ತಿ ತುಂಬಿಬಿಟ್ಟೆ ಕಣೇ. ಭಾರಕ್ಕೆ ಜಾರಿದೆ ಅಷ್ಟೆ. ಅಯ್ನೋರು ಹೇಳಿದ್ರು, ನಾನೇ ಕೇಳಲಿಲ್ಲ” ಎಂದರು, ದೋಸೆ ಹಂಚಿಗೆ ಅಂಟಿದ್ದಕ್ಕೆ ಕಾರಣ ಕೊಡುವ ಧಾಟಿಯಲ್ಲಿ. ಸಾಲು ಸಡಿಲವಾಗಿ ಬಸ್ಸು ಮುಂದೆ ಸರಿಯಿತು. “ಆಸ್ಪತ್ರೆಗೆ ಹಳೇ ಕಾಟನ್ ಸೀರೆ ಸಾಕಲ್ವಾ? ಹೊಸದು ಬೇಡ, ಕಲೆ ಆಗತ್ತೆ.”

“ಸಾಕು ಅತ್ತೆ” ಎಂದೆ. 

ಅವರು ಕೊರಳಿನ ಕರಡಿಗೆಯನ್ನು ಸೆರಗಿನೊಳಗೆ ಮುಟ್ಟಿಕೊಂಡರು. ಗುಡಿ ಬಿಟ್ಟ ಮೇಲೆ ಮೊದಲ ಸಲ ಅವರ ಮುಖದಲ್ಲಿ ಬೆಳಗಿನ ಹೆದರಿಕೆ ಮತ್ತೆ ಕಾಣಿಸಿತು.

“ಒಳಗೆ ಕರ್ಕೊಂಡು ಹೋಗೋವಾಗ ಇದನ್ನ ತೆಗೆಸಿದ್ರೆ ನಿನ್ನ ಕೈಲಿ ಕೊಡ್ತೀನಿ. ನಾನು ಹೊರಗೆ ಬರೋವರೆಗೂ ಕೆಳಗಿಡಬಾರದು. ಬ್ಯಾಗಲ್ಲೂ ಹಾಕಬಾರದು.”

“ಇಲ್ಲ ಅತ್ತೆ.”

“ಯಾವ ಕೈಯಲ್ಲಿ ಇಟ್ಕೋಬೇಕು ಗೊತ್ತೇನೇ ಕಾನ್ವೆಂಟು?”

ನಾನು ಎಡ ಅಂಗೈ ಚಾಚಿದೆ. ಮಂಡಕ್ಕಿಯ ಖಾರ ಹತ್ತಿದ್ದ ತಮ್ಮ ಕೈಯನ್ನು ಸೆರಗಿಗೆ ಒರೆಸಿ ಅವರು ನನ್ನ ಅಂಗೈಯನ್ನು ಕೆಳಗಿನಿಂದ ಹಿಡಿದುಕೊಂಡರು. ಬಸ್‌ಸ್ಟ್ಯಾಂಡ್ ಬರುವವರೆಗೂ ಬಿಡಲಿಲ್ಲ. ಯಜಮಾನರ ಫೋನು ಚೀಲದೊಳಗೆ ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಲು ನನ್ನ ಕೈ ಖಾಲಿ ಇರಲಿಲ್ಲ.